ಮೂರು ವರ್ಷವಾದರೂ ರಾಸ್ಬೆರಿ ಹೂವೇ ಬಿಟ್ಟಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಹಿತ್ತಲಕನಸು, ಬಾಥೆಲ್ (ವಾಷಿಂಗ್ಟನ್) | ಜುಲೈ 6

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನಮ್ಮ ಮನೆ. ಮನೆಗೆ ಬಂದ ವರ್ಷವೇ ಹಿತ್ತಲ ಬೇಲಿಯ ಉದ್ದಕ್ಕೂ ಆರು ರಾಸ್ಬೆರಿ ಗಿಡ ನೆಟ್ಟೆ. ತಳಿ ಟುಲಮೀನ್. ಈಗ ಮೂರು ವರ್ಷ ತುಂಬಿದೆ. ಗಿಡಕ್ಕೆ ಏನೂ ಕೊರತೆ ಇದ್ದಂತಿಲ್ಲ. ನನ್ನ ಎತ್ತರಕ್ಕೆ ಬೆಳೆದಿದೆ, ಎಲೆ ಕಡುಹಸಿರು. ಆದರೆ ಇವತ್ತಿನವರೆಗೆ ಒಂದೇ ಒಂದು ಹೂವು ಬಿಟ್ಟಿಲ್ಲ.

ಪಕ್ಕದ ಮನೆಯ ಅಜ್ಜಿ ಮೊನ್ನೆ ಬೋಗುಣಿ ತುಂಬ ಹಣ್ಣು ತಂದುಕೊಟ್ಟರು. ನನ್ನ ಮಗಳಿಗೆ ಆರು ವರ್ಷ. "ಅಮ್ಮಾ, ನಮ್ಮ ಗಿಡಕ್ಕೆ ಏನಾಗಿದೆ?" ಅಂತ ಕೇಳಿದಳು. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ನಾನು ಮಾಡುವುದು ಇಷ್ಟು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳುವ ಜಾಗ. ವಾರಕ್ಕೆ ಎರಡು ಸಲ ನೀರು. ವಸಂತದಲ್ಲಿ ಕಾಂಪೋಸ್ಟ್. ಅಕ್ಟೋಬರ್ ಕೊನೆಗೆ ಎಲ್ಲ ಕಡ್ಡಿಗಳನ್ನೂ ನೆಲಮಟ್ಟಕ್ಕೆ ಕತ್ತರಿಸಿ, ಮೇಲೆ ಒಣಎಲೆ ಮುಚ್ಚುತ್ತೇನೆ. ಒಂದು ವಿಡಿಯೋದಲ್ಲಿ ಹಾಗೇ ತೋರಿಸಿದ್ದರು. ಬಿಸಿಲು ಸಾಲುತ್ತಿಲ್ಲವೇ? ಗೊಬ್ಬರ ಕಮ್ಮಿಯೇ? ಅಥವಾ ನರ್ಸರಿಯವರು ಬೇರೆ ಯಾವುದೋ ಗಿಡ ಕೊಟ್ಟರೇ?

ಮಲೆನಾಡುಬೇರು, ಹಿಲ್ಸ್‌ಬರೋ (ಆರೆಗಾನ್) | ಜುಲೈ 6

ನಮಸ್ಕಾರ ಅಕ್ಕ. ಬಿಸಿಲು ಸಾಕು, ಗೊಬ್ಬರವೂ ಸಾಕು. ತೊಂದರೆ ಇರುವುದು ಅಕ್ಟೋಬರ್ ಕತ್ತರಿಯಲ್ಲಿ.

ನಮ್ಮೂರ ಬಾಳೆಯನ್ನು ನೆನಪು ಮಾಡಿಕೊಳ್ಳಿ. ಬಾಳೆಗಿಡ ಒಂದು ಸಲ ಗೊನೆ ಹಾಕುತ್ತದೆ, ಆಮೇಲೆ ಅದರ ಕೆಲಸ ಮುಗಿಯಿತು. ಅಷ್ಟರಲ್ಲಿ ಬುಡದಲ್ಲಿ ಕಂದು ಎದ್ದಿರುತ್ತದೆ. ನಾವು ಹಳೇ ಗಿಡ ಕಡಿದು ಕಂದನ್ನು ಉಳಿಸುತ್ತೇವೆ. ರಾಸ್ಬೆರಿಯೂ ಹಾಗೇ. ನೆಲದೊಳಗಿನ ಬೇರು ವರ್ಷಾನುಗಟ್ಟಲೆ ಬದುಕುತ್ತದೆ. ಮೇಲೆ ಬರುವ ಕಡ್ಡಿಗೆ ಎರಡೇ ವರ್ಷ ಆಯಸ್ಸು. ಮೊದಲ ಬೇಸಿಗೆ ಸುಮ್ನೆ ಎತ್ತರ ಬೆಳೆಯುತ್ತದೆ, ಎಲೆ ಬಿಡುತ್ತದೆ. ಚಳಿಗಾಲ ಮಲಗಿರುತ್ತದೆ. ಮರುವರ್ಷ ಅದೇ ಕಡ್ಡಿಯ ಪಕ್ಕದ ಕಣ್ಣುಗಳಿಂದ ಚಿಕ್ಕ ರೆಂಬೆ ಬಂದು, ಅದರ ತುದಿಯಲ್ಲಿ ಹೂವು, ಹಣ್ಣು. ಹಣ್ಣು ಮುಗಿದ ಮೇಲೆ ಆ ಕಡ್ಡಿ ಒಣಗಿ ಸಾಯುತ್ತದೆ.

ಟುಲಮೀನ್ ಅಂದರೆ ಇದೇ ಜಾತಿ. ಎರಡನೇ ವರ್ಷದ ಕಡ್ಡಿಯಲ್ಲಿ ಮಾತ್ರ ಹಣ್ಣು. ನೀವು ಪ್ರತಿ ಅಕ್ಟೋಬರ್‌ನಲ್ಲಿ ಒಂದು ವರ್ಷದ ಕಡ್ಡಿಯನ್ನು ನೆಲಮಟ್ಟಕ್ಕೆ ತೆಗೆಯುತ್ತಿದ್ದೀರಿ. ಅಂದರೆ ಗೊನೆ ಹಾಕುವ ಮೊದಲೇ ಬಾಳೆ ಕಡಿದ ಹಾಗೆ. ಪಾಪ, ಬೇರು ಮತ್ತೆ ಹೊಸದಾಗಿ ಶುರು ಮಾಡುತ್ತದೆ, ಮತ್ತೆ ನೀವು ಕತ್ತರಿಸುತ್ತೀರಿ. ಮೂರು ವರ್ಷ ಹೀಗೇ ನಡೆದಿದೆ.

ಈಗ ನಿಂತಿರುವ ಕಡ್ಡಿಗಳನ್ನು ಮುಟ್ಟಬೇಡಿ. ಅವು ಮುಂದಿನ ಜುಲೈಗೆ ಹಣ್ಣು ಕೊಡುತ್ತವೆ.

ವಿಡಿಯೋದವರು ಸುಳ್ಳು ಹೇಳಿರಲಾರರು. ಅವರು ತೋರಿಸಿದ್ದು ಶರತ್ಕಾಲದ ತಳಿ ಇರಬೇಕು. ಹೆರಿಟೇಜ್, ಕ್ಯಾರೋಲಿನ್, ಹಳದಿ ಹಣ್ಣಿನ ಆ್ಯನ್ ಇವೆಲ್ಲ ಆ ಗುಂಪು. ಅವು ಅದೇ ವರ್ಷ ಎದ್ದ ಕಡ್ಡಿಯ ತುದಿಯಲ್ಲೇ ಆಗಸ್ಟ್ ಕೊನೆಯಿಂದ ಹಣ್ಣು ಬಿಡುತ್ತವೆ. ಅವನ್ನು ಪೂರ್ತಿ ಕತ್ತರಿಸಿದರೂ ನಡೆಯುತ್ತದೆ. ಎರಡು ಗುಂಪಿಗೂ ಒಂದೇ ಹೆಸರು, ಎಲೆಯೂ ಒಂದೇ ಥರ. ಅದಕ್ಕೇ ಇಷ್ಟು ಜನ ಇಲ್ಲಿ ಎಡವುತ್ತಾರೆ.

ಹಿತ್ತಲಕನಸು, ಬಾಥೆಲ್ | ಜುಲೈ 7

ಓದಿ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಹಣ್ಣನ್ನು ನಾನೇ ಕತ್ತರಿಸಿ ಹಸಿರು ಕಸದ ತೊಟ್ಟಿಗೆ ಹಾಕಿದ್ದೇನೆ. ಅಮ್ಮ ಸಾಗರದಲ್ಲಿ ಬಾಳೆ ಕಂದು ಕಿತ್ತು ಹಂಚುತ್ತಿದ್ದದ್ದು ನೋಡಿಯೇ ಬೆಳೆದವಳು ನಾನು. ಬಾಳೆಯ ಮಾತು ಹೇಳಿದ್ದರಿಂದ ಒಂದೇ ಸಲಕ್ಕೆ ತಲೆಗೆ ಹೋಯಿತು.

ಒಂದು ಪ್ರಶ್ನೆ. ಮುಂದಿನ ವರ್ಷ ಹಳೇದು, ಹೊಸದು ಎರಡೂ ಒಟ್ಟಿಗೆ ನಿಂತಿರುತ್ತವೆ ಅಲ್ವಾ? ಯಾವುದು ಯಾವುದು ಅಂತ ಹೇಗೆ ಗುರುತು ಹಿಡಿಯುವುದು?

ಲೀಡ್ಸ್‌ಮಳೆ, ಯಾರ್ಕ್‌ಷೈರ್ | ಜುಲೈ 7

ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ. ಹೊಸ ಕಡ್ಡಿ ಹಸಿರು, ನುಣುಪು, ಉಗುರು ತಾಗಿಸಿದರೆ ರಸ ಬರುತ್ತದೆ. ಎಲೆ ನೇರವಾಗಿ ಕಡ್ಡಿಯಿಂದಲೇ ಹೊರಟಿರುತ್ತದೆ. ಹಳೇದು ಕಂದು ಬಣ್ಣ, ಸಿಪ್ಪೆ ತೆಳ್ಳಗೆ ಕಾಗದದ ಹಾಗೆ ಸುಲಿಯುತ್ತಿರುತ್ತದೆ, ಪಕ್ಕದಲ್ಲಿ ಚಿಕ್ಕ ರೆಂಬೆಗಳಿರುತ್ತವೆ. ಜುಲೈನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನವೆಂಬರ್ ಹೊತ್ತಿಗೆ ಎಲ್ಲ ಕಂದಾಗಿ ಗಲಿಬಿಲಿ ಆಗುತ್ತದೆ. ಅದಕ್ಕೇ ಹಣ್ಣು ಮುಗಿದ ತಕ್ಷಣ ಹಳೇದನ್ನು ತೆಗೆಯಬೇಕು, ಚಳಿಗಾಲದವರೆಗೆ ಕಾಯಬಾರದು.

ನಾನು ಹೊಸ ಕಡ್ಡಿಗಳಿಗೆ ಜೂನ್‌ನಲ್ಲೇ ಒಂದೊಂದು ಕೆಂಪು ಉಣ್ಣೆ ದಾರ ಕಟ್ಟುತ್ತೇನೆ. ಮನೆಯಲ್ಲಿ ಯಾರು ಕತ್ತರಿ ಹಿಡಿದರೂ ದಾರ ಇರುವುದನ್ನು ಮುಟ್ಟುವುದಿಲ್ಲ.

ನನ್ನದು ಆಟಮ್ ಬ್ಲಿಸ್. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ತಳಿ. ಶರತ್ಕಾಲದ್ದು, ಹಾಗಾಗಿ ಫೆಬ್ರವರಿಯಲ್ಲಿ ಎಲ್ಲವನ್ನೂ ನೆಲಕ್ಕೆ ಸವರುತ್ತೇನೆ. ಇಲ್ಲಿಂದ ಉತ್ತರಕ್ಕೆ ಸ್ಕಾಟ್ಲೆಂಡಿನ ಬ್ಲೇರ್‌ಗೌರಿ ಕಡೆ ಹೋದರೆ ಊರು ಹೆಸರುವಾಸಿ ಆಗಿರುವುದೇ ರಾಸ್ಬೆರಿಗೆ. ಡಂಡೀ ಪಕ್ಕದ ಇನ್ವರ್‌ಗೌರಿಯಲ್ಲಿರುವ ಜೇಮ್ಸ್ ಹಟನ್ ಸಂಸ್ಥೆ ಈಗಲೂ ಹೊಸ ತಳಿ ಮಾಡುತ್ತದೆ. ಗ್ಲೆನ್ ಅಂತ ಶುರುವಾಗುವ ಹೆಸರಿನ ತಳಿಗಳೆಲ್ಲ ಆ ಕಡೆಯವು. ತಂಪು ಬೇಸಿಗೆ, ಉದ್ದ ಹಗಲು, ಮೆಲ್ಲಗೆ ಹಣ್ಣಾಗುವುದು. ರುಚಿಯ ಗುಟ್ಟು ಅದೇ ಅಂತ ನನ್ನ ನಂಬಿಕೆ.

ಹಿಮದೂರು, ಮಿನ್ನೆಸೋಟ | ಜುಲೈ 8

ನಮ್ಮಲ್ಲಿ ಚಳಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಟುಲಮೀನ್ ಇಲ್ಲಿ ಬದುಕುವುದಿಲ್ಲ. ಬೇರು ಉಳಿದರೂ ಹಿಮದ ಮೇಲಿರುವ ಕಡ್ಡಿ ಸತ್ತುಹೋಗುತ್ತದೆ. ಬಾಯ್ನ್ ಅನ್ನುವ ಕೆನಡಾದ ತಳಿ ಹಾಕಿದ್ದೇನೆ, ಅದು ತಡೆಯುತ್ತದೆ. ಹಳಬರು ಲೇಥಮ್ ಅನ್ನುವ ಇನ್ನೊಂದು ತಳಿ ಹಾಕಿ ಅನ್ನುತ್ತಾರೆ. ಅದು ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯವೇ 1920ರಲ್ಲಿ ಹೊರತಂದದ್ದು, ನೂರು ವರ್ಷ ದಾಟಿದರೂ ಇನ್ನೂ ಮಾರುತ್ತಾರೆ.

ಹೆರಿಟೇಜ್ ಹಾಕಿ ಮೋಸಹೋದೆ. ಅದು ತಡವಾಗಿ ಹಣ್ಣಾಗುತ್ತದೆ. ಕಾಯಿ ಕೆಂಪಾಗುವ ಮೊದಲೇ ಇಬ್ಬನಿ ಗಟ್ಟಿಯಾಗಿ ಎಲ್ಲ ಕರಟಿತು. ಇಲ್ಲಿಗೆ ಬೇಗ ಬರುವ ತಳಿಯೇ ಬೇಕು.

ಇನ್ನೊಂದು, ಮೊಲ. ಚಳಿಗಾಲದಲ್ಲಿ ಹಿಮದ ಮೇಲೆ ನಿಂತು ಕಡ್ಡಿಯ ಸಿಪ್ಪೆಯನ್ನೆಲ್ಲ ಕೆರೆದು ತಿನ್ನುತ್ತದೆ. ಕೋಳಿಬಲೆ ತಂತಿಯನ್ನು ಸುತ್ತಲೂ ಕಟ್ಟುತ್ತೇನೆ. ಹಿಮ ಎಷ್ಟು ಎತ್ತರ ನಿಲ್ಲುತ್ತದೋ ಅದಕ್ಕಿಂತ ಎರಡಡಿ ಮೇಲಿರಬೇಕು.

ಬನಶಂಕರಿತಾರಸಿ, ಬೆಂಗಳೂರು | ಜುಲೈ 8

ನಿಮ್ಮೆಲ್ಲರ ಮಾತು ಕೇಳಿ ಆಸೆ ಆಗುತ್ತಿದೆ. ನಮ್ಮ ತಾರಸಿಯಲ್ಲಿ ಅಂಜೂರ, ದಾಳಿಂಬೆ, ಸ್ಟ್ರಾಬೆರಿ ಎಲ್ಲ ಬಂದಿದೆ. ಆನ್‌ಲೈನ್‌ನಲ್ಲಿ ರಾಸ್ಬೆರಿ ಸಸಿ ಅಂತ 600 ರೂಪಾಯಿ ಕೊಟ್ಟು ತರಿಸಿದೆ. ಒಂದೂವರೆ ವರ್ಷ ಆಯಿತು, ಎರಡಡಿ ಎತ್ತರಕ್ಕೆ ನಿಂತುಬಿಟ್ಟಿದೆ. ತಮ್ಮ ಡಿಸೆಂಬರ್‌ಗೆ ಅಮೆರಿಕದಿಂದ ಬರುತ್ತಿದ್ದಾನೆ. ಸೂಟ್‌ಕೇಸಿನಲ್ಲಿ ಎರಡು ಬೇರು ತರಲು ಹೇಳಲೇ?

ಮಲೆನಾಡುಬೇರು, ಹಿಲ್ಸ್‌ಬರೋ | ಜುಲೈ 8

ದಯವಿಟ್ಟು ತರಿಸಬೇಡಿ ಸರ್. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಇಲ್ಲಿನ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು. ಕಾನೂನಿನ ಮಾತು ಪಕ್ಕಕ್ಕಿರಲಿ. ಬೇರಿನ ಜೊತೆ ಬರುವ ವೈರಸ್, ಬೇರುಕೊಳೆ ಶಿಲೀಂಧ್ರ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಇದರ ಕಾಡು ನೆಂಟರಿದ್ದಾರೆ, ಅವಕ್ಕೆ ತಗಲಿದರೆ ಬಿಡಿಸುವವರು ಯಾರು?

ತಂದರೂ ಕೆಂಪು ರಾಸ್ಬೆರಿಗೆ ಬೆಂಗಳೂರು ಒಗ್ಗುವುದು ಕಷ್ಟ. ಬೇಸಿಗೆ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು 800 ಗಂಟೆ, ಕೆಲವಕ್ಕೆ ಅದಕ್ಕಿಂತ ಜಾಸ್ತಿ ಬೇಕು. ಆ ತಂಪು ಸಿಕ್ಕಿದ ಮೇಲೇ ಕಣ್ಣು ಒಡೆಯುವುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಅಂದರೆ ಅಲ್ಲಿ ಒಂದು ಗಂಟೆಯೂ ಲೆಕ್ಕಕ್ಕೆ ಸಿಗುವುದಿಲ್ಲ. ಹೊಸ ಕಡ್ಡಿಯಲ್ಲೇ ಬಿಡುವ ಶರತ್ಕಾಲದ ತಳಿ ಸ್ವಲ್ಪ ಕೊಟ್ಟೀತು, ಆದರೆ ಏಪ್ರಿಲ್ ಬಿಸಿಲಿಗೆ ತಾರಸಿ ಕುಂಡದಲ್ಲಿ ಬೇರು ಬೇಯುತ್ತದೆ. ಮಹಾಬಲೇಶ್ವರದಲ್ಲಿ ಸ್ಟ್ರಾಬೆರಿ ಜೊತೆ ರಾಸ್ಬೆರಿ ಬೆಳೆಯುತ್ತಾರೆ, ಆದರೆ ಅದು 1,350 ಮೀಟರ್ ಎತ್ತರದ ಊರು.

ಕಾಫಿಯಂಚು, ಚಿಕ್ಕಮಗಳೂರು | ಜುಲೈ 9

ಬನಶಂಕರಿ ಅಣ್ಣ, ಬೇಜಾರಾಗಬೇಡಿ. ರಾಸ್ಬೆರಿಯಲ್ಲಿ ನಮ್ಮದೇ ಒಂದಿದೆ. ಅಮೆರಿಕದವರು ಅದನ್ನು ಕರೆಯುವುದೇ ಮೈಸೂರು ರಾಸ್ಬೆರಿ ಅಂತ. ಸಸ್ಯಶಾಸ್ತ್ರದಲ್ಲಿ ರೂಬಸ್ ನಿವಿಯಸ್.

ನಮ್ಮ ತೋಟದಿಂದ ಗಿರಿ ಕಡೆ ಹತ್ತುವ ದಾರಿಯ ಬದಿಯಲ್ಲಿ ಇದೆ. ಕಡ್ಡಿಯ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಇರುತ್ತದೆ, ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ. ಎಲೆ ತಿರುಗಿಸಿದರೆ ಹಿಂಭಾಗ ಬೆಳ್ಳಗೆ. ಮುಳ್ಳು ಕೊಕ್ಕೆಯ ಹಾಗೆ, ಲಂಗ ಸಿಕ್ಕಿಕೊಂಡರೆ ಹರಿಯದೆ ಬಿಡುವುದಿಲ್ಲ. ಹಣ್ಣು ಮೊದಲು ಕೆಂಪು, ಪೂರ್ತಿ ಮಾಗಿದಾಗ ನೇರಳೆಗಪ್ಪು. ಬೇಸಿಗೆ ರಜೆಯಲ್ಲಿ ತಿಂದು ನಾಲಿಗೆ ಬಣ್ಣ ತೋರಿಸಿಕೊಳ್ಳುತ್ತಿದ್ದೆವು. ಇನ್ನೊಂದು ಹಳದಿ ಹಣ್ಣಿನದ್ದು ಇದೆ, ಕಡ್ಡಿ ತುಂಬ ಕೆಂಚು ರೋಮ. ಉತ್ತರಾಖಂಡದವರು ಹಿಸಾಲು ಅನ್ನುವುದು ಅದನ್ನೇ.

ಮೈಸೂರು ರಾಸ್ಬೆರಿಗೆ ಚಳಿ ಲೆಕ್ಕ ಬೇಡ. ಬಾಗಿದ ಕಡ್ಡಿಯ ತುದಿ ನೆಲ ಮುಟ್ಟಿದಲ್ಲಿ ತಾನೇ ಬೇರು ಬಿಡುತ್ತದೆ. ಮಳೆಗಾಲದಲ್ಲಿ ಒಂದು ತುದಿಯನ್ನು ಮಣ್ಣು ತುಂಬಿದ ತೊಟ್ಟೆಗೆ ಬಗ್ಗಿಸಿ, ಮೇಲೊಂದು ಕಲ್ಲು ಇಟ್ಟರೆ ಎರಡು ತಿಂಗಳಲ್ಲಿ ಸಸಿ ತಯಾರು. ಕಾಡಿನಿಂದ ಕಿತ್ತು ತರಬೇಡಿ. ನಮ್ಮ ಬೇಲಿಯಲ್ಲಿರುವುದಕ್ಕೆ ನಾನು ಈ ವಾರವೇ ತುದಿ ಊರುತ್ತೇನೆ. ದಸರಾ ಹೊತ್ತಿಗೆ ಈ ಕಡೆ ಬಂದರೆ ತೆಗೆದುಕೊಂಡು ಹೋಗಿ.

ಟ್ಯಾಂಪಾಮರಳು, ಫ್ಲೋರಿಡಾ | ಜುಲೈ 9

ಹೌದು! ಇಲ್ಲಿ ನರ್ಸರಿಯ ಚೀಟಿಯಲ್ಲಿ ಮೈಸೂರು ಅನ್ನುವ ಹೆಸರು ಕಂಡು ನಿಂತುಬಿಟ್ಟಿದ್ದೆ. ಕೆಂಪು ರಾಸ್ಬೆರಿ ಈ ಸೆಖೆಗೆ ಬರುವುದೇ ಇಲ್ಲ, ಇದು ಮಾತ್ರ ಬರುತ್ತದೆ. ನನ್ನ ಹಿತ್ತಲಲ್ಲಿ ನಾಲ್ಕು ವರ್ಷದಿಂದ ಇದೆ. ಹಣ್ಣು ಚಿಕ್ಕದು, ಬೀಜ ಸ್ವಲ್ಪ ಜಾಸ್ತಿ, ಆದರೆ ಸಿಹಿ.

ಒಂದು ಎಚ್ಚರಿಕೆ. ಇದೇ ಗಿಡ ಗಲಪಗೋಸ್ ದ್ವೀಪಗಳಲ್ಲಿ ಕಾಡನ್ನೇ ಮುಚ್ಚಿದೆ. ಹಕ್ಕಿಗಳು ತಿಂದು ಬೀಜ ಹರಡುತ್ತವೆ, ಅಲ್ಲಿನ ಗಿಡಗಳಿಗೆ ಜಾಗವೇ ಉಳಿಯುವುದಿಲ್ಲ. ಹಳದಿ ಹಣ್ಣಿನದ್ದು ಹವಾಯಿಯಲ್ಲಿ ಹಾಗೇ ಮಾಡಿದೆ. ಕರ್ನಾಟಕದಲ್ಲಿ ಅದು ಮನೆಯ ಮಗಳು, ಅಲ್ಲಿ ಬೆಳೆಸಿ. ಬೇರೆ ದೇಶದಲ್ಲಿರುವವರು ನಿಮ್ಮ ಊರಿನ ನಿಯಮ ಕೇಳಿಕೊಂಡೇ ನೆಡಿ.

ಹಿತ್ತಲಕನಸು, ಬಾಥೆಲ್ | ಆಗಸ್ಟ್ 19

ಕಡ್ಡಿಗಳನ್ನು ಮುಟ್ಟಿಲ್ಲ, ಮಾತು ಕೊಟ್ಟಿದ್ದೆನಲ್ಲ. ಈಗ ಇನ್ನೊಂದು ಚಿಂತೆ. ಸಾಲಿನ ತಗ್ಗು ತುದಿಯಲ್ಲಿರುವ ಎರಡು ಗಿಡಗಳ ಎಲೆ ಅಂಚಿನಿಂದ ಹಳದಿಯಾಗಿ ಕಂದಾಗುತ್ತಿದೆ. ಹೊಸ ಚಿಗುರಿನ ತುದಿ ಕತ್ತು ಮುರಿದಂತೆ ಬಾಗಿದೆ. ಒಣಗುತ್ತಿದೆ ಅಂದುಕೊಂಡು ದಿನಾ ನೀರು ಹಾಕಿದೆ. ಇನ್ನೂ ಹೆಚ್ಚಾಯಿತು.

ಮಲೆನಾಡುಬೇರು, ಹಿಲ್ಸ್‌ಬರೋ | ಆಗಸ್ಟ್ 19

ನೀರು ನಿಲ್ಲಿಸಿ ಅಕ್ಕ, ಇವತ್ತೇ. ಒಂದು ಗಿಡದ ಬುಡ ಬಿಡಿಸಿ ಬೇರಿನ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಆರೋಗ್ಯ. ಇಟ್ಟಿಗೆ ಕೆಂಪು ಅಥವಾ ಕಂದು ಬಣ್ಣ ಇದ್ದರೆ ಬೇರುಕೊಳೆ.

ಹಿತ್ತಲಕನಸು, ಬಾಥೆಲ್ | ಆಗಸ್ಟ್ 20

ಇಟ್ಟಿಗೆ ಕೆಂಪು. ಕೆಂಪಿಗೂ ಬಿಳಿಗೂ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಮಲೆನಾಡುಬೇರು, ಹಿಲ್ಸ್‌ಬರೋ | ಆಗಸ್ಟ್ 20

ಹಾಗಾದರೆ ಅದೇ, ಫೈಟೋಫ್ಥೊರಾ. ಅಡಿಕೆಗೆ ಕೊಳೆರೋಗ ತರುತ್ತದಲ್ಲ, ಅದೇ ಕುಲದ್ದು. ಸಾಗರದವರಿಗೆ ಇದರ ಕಾಟ ಹೇಳಿಕೊಡಬೇಕಾಗಿಲ್ಲ. ನೀರು ನಿಂತ ಮಣ್ಣೇ ಅದಕ್ಕೆ ಮನೆ. ನಿಮ್ಮ ಕಡೆ ಚಳಿಗಾಲ ಪೂರ್ತಿ ಮಳೆ, ಮಣ್ಣು ಜೇಡಿ, ಅದರಲ್ಲೂ ತಗ್ಗು. ಟುಲಮೀನ್ ಹಣ್ಣು ಬಲು ಚೆಂದ, ಆದರೆ ಬೇರುಕೊಳೆಗೆ ಬೇಗ ಬಲಿಯಾಗುವ ತಳಿ.

ಆ ಎರಡನ್ನು ಬೇರು ಸಮೇತ ತೆಗೆಯಿರಿ. ಕಾಂಪೋಸ್ಟ್‌ಗೆ ಹಾಕಬೇಡಿ. ಅದೇ ಜಾಗದಲ್ಲಿ ಮತ್ತೆ ರಾಸ್ಬೆರಿ ಬೇಡ. ಉಳಿದ ನಾಲ್ಕು ಎತ್ತರದ ಕಡೆ ಇವೆ ಅಲ್ವಾ, ಅವನ್ನು ಉಳಿಸಿಕೊಳ್ಳೋಣ. ತಗ್ಗಿನ ನೀರು ಹೊರಗೆ ಹರಿಯಲು ಒಂದು ಕಾಲುವೆ ತೋಡಿ. ಹೊಸದು ನೆಡುವುದಾದರೆ ಒಂದಡಿ ಎತ್ತರದ ಏರುಮಡಿ ಕಟ್ಟಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರ ಕ್ಯಾಸ್ಕೇಡ್ ಬೌಂಟಿ ನೆಡಿ. ಅದು ಬೇರುಕೊಳೆಯನ್ನು ಚೆನ್ನಾಗಿ ತಡೆಯುತ್ತದೆ. ನೆಡುವ ಜಾಗದಲ್ಲಿ ಹಿಂದಿನ ಮೂರು ನಾಲ್ಕು ವರ್ಷ ಟೊಮೆಟೊ, ಆಲೂ, ಬದನೆ, ಮೆಣಸಿನಕಾಯಿ ಬೆಳೆದಿರಬಾರದು. ಅವುಗಳ ಸೊರಗು ರೋಗ ಮಣ್ಣಲ್ಲೇ ಕಾದಿರುತ್ತದೆ.

ನೀರಿನ ಅಂದಾಜು ವಾರಕ್ಕೆ ಒಂದರಿಂದ ಒಂದೂವರೆ ಇಂಚು. ಬುಡಕ್ಕೆ ಹನಿ ನೀರು ಕೊಡಿ, ಎಲೆ ನೆನೆಸಬೇಡಿ.

ಡಬ್ಲಿನ್‌ಹೂದೋಟ, ಓಹಾಯೊ | ಆಗಸ್ಟ್ 24

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕ್ಯಾರೋಲಿನ್ ಈಗ ಹಣ್ಣು ಬಿಡುತ್ತಿದೆ. ನಿನ್ನೆ ಒಂದು ಬಟ್ಟಲು ಕಿತ್ತು ದೇವರ ಮುಂದೆ ಇಟ್ಟೆ. ಸಂಜೆ ನೋಡಿದರೆ ಬಟ್ಟಲಿನ ಅಂಚಿನಲ್ಲಿ ಬಿಳಿ ಎಳೆಯಂಥ ಹುಳ ಹರಿದಾಡುತ್ತಿತ್ತು. ಒಂದಲ್ಲ, ಐದಾರು. ನಾವು ಶುದ್ಧ ಸಸ್ಯಾಹಾರಿಗಳು. ಅತ್ತೆಗೆ ಅವತ್ತು ಊಟವೇ ಸೇರಲಿಲ್ಲ. ಎರಡು ವಾರದಿಂದ ಇದೇ ಹಣ್ಣು ತಿಂದಿದ್ದೇವೆ. ನನಗೆ ತುಂಬ ಸಂಕಟ ಆಗಿದೆ.

ಲೀಡ್ಸ್‌ಮಳೆ, ಯಾರ್ಕ್‌ಷೈರ್ | ಆಗಸ್ಟ್ 24

ಅಯ್ಯೋ ಪಾಪ. ತಿಂದರೆ ಆರೋಗ್ಯಕ್ಕೆ ಅಪಾಯ ಇಲ್ಲ, ಮೊದಲು ಅತ್ತೆಯವರಿಗೆ ಆ ಧೈರ್ಯ ಹೇಳಿ.

ಮಲೆನಾಡುಬೇರು, ಹಿಲ್ಸ್‌ಬರೋ | ಆಗಸ್ಟ್ 25

ನಿಮ್ಮ ಸಂಕಟ ನನಗೂ ಗೊತ್ತು, ನಮ್ಮ ಮನೆಯಲ್ಲೂ ಆಗಿದೆ. ಇದು ಸ್ಪಾಟೆಡ್ ವಿಂಗ್ ಡ್ರಾಸೋಫಿಲ ಅನ್ನುವ ಚಿಕ್ಕ ಹಣ್ಣುನೊಣ. ಪೂರ್ವ ಏಷ್ಯಾದ್ದು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡಿತು, ಮರುವರ್ಷವೇ ಆರೆಗಾನ್, ವಾಷಿಂಗ್ಟನ್. ಈಗ ದೇಶದ ಉದ್ದಗಲಕ್ಕೂ ಇದೆ. ಅಡುಗೆಮನೆ ಬಾಳೆಹಣ್ಣಿನ ಮೇಲೆ ಕೂರುವ ನೊಣ ಕೊಳೆತದ್ದನ್ನು ಹುಡುಕುತ್ತದೆ. ಇದು ಹಾಗಲ್ಲ. ಇದರ ಹೆಣ್ಣಿಗೆ ಮೊಟ್ಟೆ ಇಡುವ ಅಂಗ ಗರಗಸದ ಹಾಗಿದೆ, ಆಗತಾನೇ ಬಣ್ಣ ಬರುತ್ತಿರುವ ಗಟ್ಟಿ ಹಣ್ಣನ್ನೇ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಹೊರಗಿಂದ ಹಣ್ಣು ಚೆನ್ನಾಗೇ ಕಾಣುತ್ತದೆ.

ಬೇಸಿಗೆ ಶುರುವಿನಲ್ಲಿ ನೊಣದ ಸಂಖ್ಯೆ ಕಮ್ಮಿ. ವಾರ ವಾರಕ್ಕೆ ಏರುತ್ತಾ ಹೋಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತುತ್ತತುದಿ. ಶರತ್ಕಾಲದ ತಳಿ ಹಣ್ಣಾಗುವುದು ಸರಿಯಾಗಿ ಆಗಲೇ. ಅದಕ್ಕೇ ನಾನು ಜುಲೈ ಮೊದಲ ವಾರಕ್ಕೆ ಮುಗಿಯುವ ಬೇಸಿಗೆ ತಳಿಗೆ ಹೊರಳಿದೆ.

ಔಷಧಿ ಹೊಡೆಯುವುದು ನನಗೆ ಇಷ್ಟವಿಲ್ಲ. ಹೂವಿಗೂ ಹಣ್ಣಿಗೂ ಒಂದೇ ಕಾಲ, ಜೇನು ಬರುತ್ತಲೇ ಇರುತ್ತವೆ. ನಾನು ಮಾಡುವುದು ಹೀಗೆ. ದಿನ ಬಿಟ್ಟು ದಿನ ಬೆಳಿಗ್ಗೆ ತಂಪಿನಲ್ಲಿ ಕೀಳುತ್ತೇನೆ. ಮಾಗಿದ್ದು, ಅತಿ ಮಾಗಿದ್ದು, ಬಿದ್ದದ್ದು ಒಂದನ್ನೂ ಬಿಡುವುದಿಲ್ಲ. ಕೆಟ್ಟದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎರಡು ದಿನ ಬಿಸಿಲಿಗಿಡುತ್ತೇನೆ. ಒಳ್ಳೆಯದು ಅಗಲ ಡಬ್ಬಿಗೆ, ಎರಡು ಪದರಕ್ಕಿಂತ ಜಾಸ್ತಿ ಇಲ್ಲ, ಹತ್ತು ನಿಮಿಷದೊಳಗೆ ಫ್ರಿಜ್‌ಗೆ. ತಣ್ಣಗೆ ಇದ್ದರೆ ಮೊಟ್ಟೆ ಒಡೆಯುವುದಿಲ್ಲ. ತೊಳೆಯುವುದು ತಿನ್ನುವ ಮುಂಚೆ ಮಾತ್ರ.

ಹುಳ ಇದೆಯೋ ಇಲ್ಲವೋ ನೋಡಬೇಕಾದರೆ ನಾಲ್ಕು ಲೋಟ ಬೆಚ್ಚಗಿನ ನೀರಿಗೆ ಕಾಲು ಲೋಟ ಉಪ್ಪು ಕರಗಿಸಿ, ಹತ್ತು ಹಣ್ಣು ಮೆಲ್ಲಗೆ ಹಿಸುಕಿ ಹಾಕಿ. ಕಾಲು ಗಂಟೆಯಲ್ಲಿ ಇದ್ದರೆ ಮೇಲೆ ತೇಲುತ್ತವೆ. ಕಪ್ಪು ತಟ್ಟೆಯಲ್ಲಿ ಮಾಡಿದರೆ ಕಣ್ಣಿಗೆ ಕಾಣುತ್ತದೆ.

ಬಲೆ ಹಾಕುವುದಾದರೆ ಕಣ್ಣು ಒಂದು ಮಿಲಿಮೀಟರ್‌ಗಿಂತ ಚಿಕ್ಕದಿರಬೇಕು. ಸೊಳ್ಳೆಪರದೆಯ ಕಣ್ಣು ಇದಕ್ಕೆ ದೊಡ್ಡದಾಯಿತು. ಹೂವು ಕಾಯಿಕಟ್ಟಿದ ಮೇಲೆ ಮುಚ್ಚಿ, ಮೊದಲೇ ಮುಚ್ಚಿದರೆ ಜೇನು ಒಳಗೆ ಬರಲಾರದು. ಒಂದು ರಾಸ್ಬೆರಿಯಲ್ಲಿ ನೂರರ ಹತ್ತಿರ ಚಿಕ್ಕ ಮಣಿಗಳಿವೆ, ಪ್ರತಿಯೊಂದಕ್ಕೂ ಪರಾಗ ಸಿಗಬೇಕು. ಸಿಗದಿದ್ದರೆ ಹಣ್ಣು ಕೈಯಲ್ಲಿ ಪುಡಿಪುಡಿಯಾಗುತ್ತದೆ.

ಡಬ್ಲಿನ್‌ಹೂದೋಟ, ಓಹಾಯೊ | ಸೆಪ್ಟೆಂಬರ್ 2

ಫ್ರಿಜ್ ಮಾತು ನಿಜವಾಯಿತು. ಈಗ ಅತ್ತೆಯೇ ಬೆಳಿಗ್ಗೆ ಎದ್ದು ಕೀಳುತ್ತಾರೆ, ಉಪ್ಪುನೀರಿನ ಪರೀಕ್ಷೆಯೂ ಅವರದ್ದೇ. ತೇಲಿದರೆ ಆ ದಿನದ್ದು ಯಾರೂ ತಿನ್ನುವಂತಿಲ್ಲ. ಚಳಿಗಾಲಕ್ಕೆ ಬೇಸಿಗೆ ತಳಿ ಒಂದನ್ನು ಆರ್ಡರ್ ಮಾಡುತ್ತೇನೆ.

ಒಂದು ಸಲಹೆ ಬೇಕು. ಗೊಬ್ಬರ ಅಂಗಡಿಯಲ್ಲಿ ಸಾವಯವ ಅಂತ ಕೊಡುವುದೆಲ್ಲ ರಕ್ತದ ಪುಡಿ, ಮೂಳೆ ಪುಡಿ. ಮನಸ್ಸು ಒಪ್ಪುವುದಿಲ್ಲ. ಬೇರೆ ಏನಿದೆ?

ಹಿಮದೂರು, ಮಿನ್ನೆಸೋಟ | ಸೆಪ್ಟೆಂಬರ್ 2

ಹತ್ತಿಬೀಜದ ಹಿಂಡಿ ತನ್ನಿ ಅಕ್ಕ. ಊರಲ್ಲಿ ಎಮ್ಮೆಗೆ ಹಾಕುತ್ತಿದ್ದೆವಲ್ಲ, ಅದೇ. ಸಾರಜನಕ ಶೇ. 6ರ ಆಸುಪಾಸು ಇರುತ್ತದೆ, ಮಣ್ಣನ್ನು ಸ್ವಲ್ಪ ಹುಳಿ ಮಾಡುತ್ತದೆ, ರಾಸ್ಬೆರಿಗೆ ಅದೇ ಬೇಕು. ಪಿಎಚ್ 5.6ರಿಂದ 6.5ರ ನಡುವೆ ಇದ್ದರೆ ಗಿಡ ಖುಷಿಯಾಗಿರುತ್ತದೆ. ಚಿಗುರು ಏಳುವಾಗ ಒಮ್ಮೆ, ಹೂವಿಗೆ ಮುಂಚೆ ಒಮ್ಮೆ. ಆಗಸ್ಟ್ ನಂತರ ಬೇಡ. ತಡವಾಗಿ ಎದ್ದ ಎಳೆ ಚಿಗುರು ಚಳಿಗೆ ಸುಡುತ್ತದೆ.

ಬನಶಂಕರಿತಾರಸಿ, ಬೆಂಗಳೂರು | ಅಕ್ಟೋಬರ್ 21

ಚಿಕ್ಕಮಗಳೂರಿನವರ ಮನೆಗೆ ಹೋಗಿಬಂದೆವು. ಎರಡು ಸಸಿ ಕೊಟ್ಟರು, ಜೊತೆಗೆ ಕಾಫಿಪುಡಿ, ಊಟ. ಸಸಿಗಳನ್ನು ಎರಡಡಿ ಅಗಲದ ಕುಂಡಕ್ಕೆ ಹಾಕಿ, ಪಶ್ಚಿಮದ ಗೋಡೆ ನೆರಳಿನಲ್ಲಿ ಇಟ್ಟಿದ್ದೇನೆ. ಹಳೇ ಗಿಡವನ್ನು ಅವರಿಗೆ ಫೋಟೋದಲ್ಲಿ ತೋರಿಸಿದೆ. ಅದು ರಾಸ್ಬೆರಿಯೇ ಅಲ್ಲ, ಹಿಪ್ಪುನೇರಳೆ ಅಂದರು. ಎಲೆ ಇಟ್ಟುಕೊಂಡು ನೋಡಿದರೆ ಹೌದು.

ಹಿತ್ತಲಕನಸು, ಬಾಥೆಲ್ | ಮಾರ್ಚ್ 3

ನಾಲ್ಕು ಗಿಡವೂ ಚಳಿಗಾಲ ದಾಟಿವೆ. ಕಡ್ಡಿಯ ಉದ್ದಕ್ಕೂ ಕಣ್ಣು ಉಬ್ಬಿದೆ, ಜೋಳದ ಕಾಳಿನಷ್ಟು. ತುದಿಗಳನ್ನು ಕತ್ತರಿಸಬಹುದೇ? ಕೆಲವು ಏಳಡಿ ಆಗಿವೆ. ಮತ್ತೆ ಇನ್ನೊಂದು, ಪಕ್ಕದ ಮನೆಯ ಅಜ್ಜಿ ತಮ್ಮ ಸಾಲಿನಿಂದ ಮರಿಗಿಡ ಕಿತ್ತು ಕೊಡುತ್ತೇನೆ ಅನ್ನುತ್ತಾರೆ. ತೆಗೆದುಕೊಳ್ಳಲೇ?

ಮಲೆನಾಡುಬೇರು, ಹಿಲ್ಸ್‌ಬರೋ | ಮಾರ್ಚ್ 3

ಮೇಲಿನ ತಂತಿಗಿಂತ ಒಂದು ಗೇಣು ಮೇಲೆ ಸವರಿ. ಮೂರಡಿ ಎತ್ತರಕ್ಕೊಂದು, ಐದಡಿ ಎತ್ತರಕ್ಕೊಂದು ತಂತಿ ಎಳೆದು ಕಡ್ಡಿಗಳನ್ನು ಸಡಿಲವಾಗಿ ಕಟ್ಟಿ. ಇಷ್ಟರ ಮೇಲೆ ಕೈ ಹಾಕಬೇಡಿ.

ಮರಿಗಿಡ ಬೇಡ ಅನ್ನುತ್ತೇನೆ. ಪರಾಗದ ಮೂಲಕವೇ ಹರಡುವ ವೈರಸ್ ಇದೆ. ಹಳೇ ಸಾಲುಗಳಲ್ಲಿ ಇದ್ದೇ ಇರುತ್ತದೆ, ಗಿಡ ನೋಡಿದರೆ ತಿಳಿಯುವುದಿಲ್ಲ. ರೋಗಮುಕ್ತ ಅಂತ ಪ್ರಮಾಣಪತ್ರ ಇರುವ ಗಿಡವನ್ನೇ ಕೊಳ್ಳಿ.

ಲೀಡ್ಸ್‌ಮಳೆ, ಯಾರ್ಕ್‌ಷೈರ್ | ಮಾರ್ಚ್ 4

ಇಲ್ಲಿ ನಾನು ಒಪ್ಪುವುದಿಲ್ಲ ಅಣ್ಣ. ಪರಾಗದಿಂದ ಹರಡುವುದಾದರೆ ಅಜ್ಜಿಯ ಗಿಡ ಬೇಲಿಯಾಚೆಯೇ ಇದೆ, ಒಂದೇ ಜೇನು ಎರಡೂ ಕಡೆ ಹೋಗುತ್ತದೆ. ಬರುವುದಿದ್ದರೆ ಬಂದಾಗಿದೆ. ಆ ಅಜ್ಜಿಯ ಸಾಲು ವರ್ಷಗಳಿಂದ ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಬುಟ್ಟಿಗಟ್ಟಲೆ ಕೊಡುತ್ತಿದೆ. ಅದಕ್ಕಿಂತ ಪ್ರಮಾಣಪತ್ರ ಬೇಕೇ? ಪ್ರೀತಿಯಿಂದ ಕೊಡುವುದನ್ನು ಬೇಡ ಅನ್ನಲು ನನ್ನಿಂದಾಗದು.

ಮಲೆನಾಡುಬೇರು, ಹಿಲ್ಸ್‌ಬರೋ | ಮಾರ್ಚ್ 4

ವೈರಸ್ ವಿಷಯದಲ್ಲಿ ನಿಮ್ಮ ಮಾತು ಸರಿ. ಬೇರುಕೊಳೆ ಮತ್ತು ಬುಡ ಕೊರೆಯುವ ಹುಳದ ಭಯ ಇನ್ನೂ ಇದೆ. ತೆಗೆದುಕೊಳ್ಳುವುದಾದರೆ ಬೇರು ಕೆರೆದು ನೋಡಿ, ಬುಡದಲ್ಲಿ ತೂತು ಇದೆಯೇ ನೋಡಿ, ಮಣ್ಣನ್ನೆಲ್ಲ ತೊಳೆದು ಏರುಮಡಿಯಲ್ಲಿ ಬೇರೆಯಾಗಿ ನೆಡಿ ಅಕ್ಕ. ನಾಲ್ಕು ಗಿಡದ ಪಕ್ಕ ಬೇಡ.

ಹಿತ್ತಲಕನಸು, ಬಾಥೆಲ್ | ಜೂನ್ 30

ಹಣ್ಣು ಬಂತು. ಮೊದಲನೆಯದು 22ಕ್ಕೆ. ಮಗಳು ಹಿಡಿದು ಎಳೆದಳು, ಬರಲಿಲ್ಲ. ಮರುದಿನ ಬೆರಳು ತಾಗಿಸಿದ್ದಕ್ಕೇ ಜಾರಿ ಕೈಗೆ ಬಿತ್ತು, ಬಿಳಿ ದಿಂಡು ಗಿಡದಲ್ಲೇ ಉಳಿಯಿತು. ಒಳಗೆ ಟೊಳ್ಳು. ಅದನ್ನು ಕಿರುಬೆರಳಿಗೆ ಟೋಪಿ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು, ಕೊನೆಗೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿಯೇ ತಿಂದಳು.

ಈ ವಾರ ಬಿಸಿಲು ಜೋರು. ಪಶ್ಚಿಮದ ಕಡೆಯ ಹಣ್ಣುಗಳಲ್ಲಿ ಕೆಲವು ಮಣಿಗಳು ಮಾತ್ರ ಬೆಳ್ಳಗಿವೆ. ರೋಗವೇ?

ಮಲೆನಾಡುಬೇರು, ಹಿಲ್ಸ್‌ಬರೋ | ಜೂನ್ 30

ಎಷ್ಟು ಸಂತೋಷವಾಯಿತು ಅಕ್ಕ! ಬಿಳಿ ಮಣಿ ಬಿಸಿಲಿನ ಸುಡು, ರೋಗವಲ್ಲ. ರುಚಿ ಸಪ್ಪೆ ಅಷ್ಟೇ, ತಿನ್ನಬಹುದು. 2021ರ ಜೂನ್ 28ಕ್ಕೆ ಪೋರ್ಟ್‌ಲ್ಯಾಂಡ್ 116 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ನನ್ನ ಪಶ್ಚಿಮದ ಸಾಲು ಕಡ್ಡಿಯಲ್ಲೇ ಬೆಂದುಹೋಯಿತು. ಪೂರ್ವದ ಸಾಲಿಗೆ ಅಪ್ಪನ ಎರಡು ಹಳೇ ಪಂಚೆಗಳನ್ನು ತಂತಿಯ ಮೇಲೆ ಹೊದಿಸಿದ್ದೆ, ಅದು ಉಳಿಯಿತು. ಬಿಳಿ ಪಂಚೆ ಇದ್ದರೆ ಮಧ್ಯಾಹ್ನ ಎರಡರಿಂದ ಆರರವರೆಗೆ ಹೊದಿಸಿ.

ಡಬ್ಲಿನ್‌ಹೂದೋಟ, ಓಹಾಯೊ | ಜುಲೈ 2

ಬಿಳಿ ಮಣಿಯವನ್ನು ಗೊಜ್ಜು ಮಾಡಿ. ಎರಡು ಲೋಟ ಹಣ್ಣನ್ನು ಬೇಯಿಸಿ, ಜಾಲರಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಬೆಲ್ಲ, ಉಪ್ಪು, ಅಚ್ಚಖಾರದ ಪುಡಿ, ಹುರಿದ ಮೆಂತ್ಯದ ಪುಡಿ ಚಿಟಿಕೆ. ಹುಣಸೆ ಬೇಡವೇ ಬೇಡ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಅತ್ತೆ ಇದನ್ನು ದೋಸೆಗೆ ಹಚ್ಚಿಕೊಡುತ್ತಾರೆ.

ಹಿತ್ತಲಕನಸು, ಬಾಥೆಲ್ | ಜುಲೈ 27

ಹಣ್ಣು ಮುಗಿಯಿತು. ಇವತ್ತು ಸಂಜೆ ಕತ್ತರಿ ಹಿಡಿದೆ, ಕೈ ನಡುಗುತ್ತಿತ್ತು. ದಾರ ಇಲ್ಲದ ಕಂದು ಕಡ್ಡಿಗಳನ್ನು ಮಾತ್ರ ನೆಲಮಟ್ಟಕ್ಕೆ ತೆಗೆದೆ, ಒಟ್ಟು 26. ಮಗಳು ಎಣಿಸಿದಳು. ದಾರ ಕಟ್ಟಿದ ಹಸಿರು ಕಡ್ಡಿ 58 ಉಳಿದಿವೆ. ಸಾಲು ಈಗ ಹತ್ತಡಿ. ಇಷ್ಟೂ ಇಟ್ಟುಕೊಳ್ಳಲೇ?

ಮಲೆನಾಡುಬೇರು, ಹಿಲ್ಸ್‌ಬರೋ | ಜುಲೈ 27

ಒಂದಡಿಗೆ ನಾಲ್ಕು ಅಂತ ಲೆಕ್ಕ ಇಟ್ಟುಕೊಳ್ಳಿ, ಸುಮಾರು 40 ಸಾಕು. ಬೇಲಿ ಕೆಳಗಿಂದ ಆಚೆ ಹೋದ ಮರಿಗಳನ್ನು ಈಗಲೇ ತೆಗೆಯಿರಿ. ಉಳಿದದ್ದರಲ್ಲಿ ಯಾವುದು ಸಣಕಲು ಅಂತ ಈಗ ಆರಿಸಬೇಡಿ, ಚಳಿಗೆ ಕೆಲವು ಹೋದಾವು. ಫೆಬ್ರವರಿ ಕೊನೆಗೆ ಬುಡ ನೋಡಿ, ಪೆನ್ಸಿಲ್‌ಗಿಂತ ತೆಳ್ಳಗಿರುವುದನ್ನು ತೆಗೆದರೆ ಆಯಿತು.